ಭಯವು ಕಟ್ಟಿಸಿದ ಬೀದಿಗಳು

ಬೆಂಗಳೂರಿನ ಮಲ್ಲೇಶ್ವರದಲ್ಲಿ ಸಂಪಿಗೆ ರಸ್ತೆಯಿದೆ. ಅಲ್ಲಿಯೇ ಮಾರ್ಗೋಸಾ ರಸ್ತೆಯೂ ಇದೆ. ಮಾರ್ಗೋಸಾ ಎಂದರೆ ಬೇವು. ಬಸವನಗುಡಿಗೆ ಹೋದರೆ ಅಲ್ಲಿಯೂ ಅಗಲವಾದ ಬೀದಿಗಳು, ಇಕ್ಕೆಲಗಳಲ್ಲಿ ಮರಗಳು, ಉಳಿದಿರುವ ಕೆಲವೇ ಹಳೆಯ ಮನೆಗಳ ಸುತ್ತ ಒಂದಿಷ್ಟು ಬಯಲು, ಮನೆಸಾಲಿನ ಹಿಂಬದಿಯಲ್ಲಿ ಕಿರಿದಾದ ಓಣಿ. ಇವನ್ನು ಕಂಡವರು ಹಿಂದಿನವರ ಸೌಂದರ್ಯಪ್ರಜ್ಞೆಯನ್ನು ಹೊಗಳುತ್ತಾರೆ. ಹೊಗಳಲಿ. ಆದರೆ ಈ ಬೀದಿಗಳನ್ನು ಇಷ್ಟು ಅವಸರದಲ್ಲಿ ಹಾಕಿಸಿದ್ದು ಭಯ. ಒಂದು ಇಡೀ ನಗರವು ರಾತ್ರಿ ನಿದ್ದೆ ಮಾಡಲಾರದೆ, ನೆರೆಮನೆಯ ಕೆಮ್ಮಿಗೂ ಬೆಚ್ಚಿಬೀಳುತ್ತಾ ಕಳೆದ ಕಾಲದ ನೆನಪು ಈ ಬೀದಿಗಳಲ್ಲಿದೆ. ಇಂದು ನಮ್ಮ ಮನೆಗಳಲ್ಲಿ ವಯಸ್ಕರು ಅನುಭವಿಸುತ್ತಿರುವ ಕಳವಳವನ್ನು, ನಮ್ಮ ದಖನಿ ಮಾತಿನಲ್ಲಿ 'ಘಬ್ರಾಹಟ್' ಎನ್ನುವುದನ್ನು, ಅರಿಯಲು ಆ ಕಾಲದತ್ತ ಒಮ್ಮೆ ನೋಡುವುದು ಉಪಯುಕ್ತವೆಂದು ನಾವು ಭಾವಿಸುತ್ತೇವೆ.

1896ರಲ್ಲಿ ಮುಂಬಯಿಗೆ ಕಾಲಿಟ್ಟ ಪ್ಲೇಗ್ ರೈಲುಹಳಿಗಳ ಗುಂಟ ದಕ್ಷಿಣಕ್ಕೆ ಸಾಗಿತು. ಧಾರವಾಡ, ಹುಬ್ಬಳ್ಳಿಗಳನ್ನು ದಾಟಿ 1898ರ ಆಗಸ್ಟ್ ತಿಂಗಳಲ್ಲಿ ಬೆಂಗಳೂರನ್ನು ಮುಟ್ಟಿತು. ಆಗ ಮೈಸೂರು ಸಂಸ್ಥಾನದ ಅರಸರಾದ ನಾಲ್ವಡಿ ಕೃಷ್ಣರಾಜ ಒಡೆಯರು ಇನ್ನೂ ಬಾಲಕರು, ತಾಯಿ ವಾಣಿವಿಲಾಸ ಸನ್ನಿಧಾನದವರು ರಾಜಪ್ರತಿನಿಧಿಯಾಗಿದ್ದರು, ಕೆ. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದರು. ಪ್ಲೇಗ್ ನಿಯಂತ್ರಣಕ್ಕೆಂದೇ ವಿ.ಪಿ. ಮಾಧವರಾಯರನ್ನು ಕಮಿಷನರ್ ಆಗಿ ನೇಮಿಸಲಾಯಿತು. ರೈಲು ನಿಲ್ದಾಣಗಳಲ್ಲಿ ಪ್ರಯಾಣಿಕರ ತಪಾಸಣೆ ನಡೆಯಿತು. ಮನೆಮನೆಗೆ ಅಧಿಕಾರಿಗಳು ನುಗ್ಗಿ ರೋಗಿಗಳನ್ನು ಹುಡುಕಿದರು. ಬಿಸಿಲು ಒಳಗೆ ಬೀಳಲೆಂದು ಛಾವಣಿಯ ಹೆಂಚುಗಳನ್ನು ತೆಗೆಸಿದರು, ಗೋಡೆಗಳಿಗೆ ಸುಣ್ಣ ಬಳಿಸಿದರು. ರೋಗಿಯನ್ನು ಒಂದು ಕಡೆಗೆ, ಅವನ ಮನೆಯವರನ್ನು ಪ್ರತ್ಯೇಕ ಶಿಬಿರಕ್ಕೆ ಸಾಗಿಸಿದರು.

ಕರ್ನಾಟಕದ ಊರೂರಿನಲ್ಲಿ ಹಿರಿಯರು ಹೇಳುತ್ತಿದ್ದ ಕಥೆಯೊಂದಿದೆ: ಮನೆಯಲ್ಲಿ ಇಲಿ ಬಿತ್ತೆಂದರೆ ಸಾಕು, ಹಾಸಿಗೆ ಪಾತ್ರೆ ಕಟ್ಟಿಕೊಂಡು ಊರಾಚೆಯ ಹೊಲದಲ್ಲಿ ಗುಡಿಸಲು ಹಾಕುತ್ತಿದ್ದರು. ಕಂಕುಳಲ್ಲೋ ತೊಡೆಯ ಸಂದಿನಲ್ಲೋ ಗೆಡ್ಡೆ ಕಾಣಿಸಿತೇ ಎಂದು ದಿನಕ್ಕೆ ಹತ್ತು ಬಾರಿ ಮೈ ತಡವಿ ನೋಡಿಕೊಳ್ಳುತ್ತಿದ್ದರು. ಓದುಗರು ಈ ಕೊನೆಯ ಮಾತನ್ನು ಗಮನಿಸಬೇಕು. ಪ್ಲೇಗ್ ತಗುಲಿದವರಿಗಿಂತ ಹೀಗೆ ಮೈ ತಡವಿಕೊಂಡವರ ಸಂಖ್ಯೆ ಎಷ್ಟೋ ಪಾಲು ಹೆಚ್ಚು. ರೋಗ ಬಂದವನಿಗೆ ಅದು ಒಂದೇ ಬಾರಿ ಬಂತು. ಬಾರದವನಿಗೆ ಅದು ಪ್ರತಿದಿನವೂ ಬಂತು. ಆತಂಕವೆಂಬುದು ಕೆಲಸ ಮಾಡುವ ರೀತಿಯೇ ಇದು. ಇನ್ನೂ ಸಂಭವಿಸದ ಕೇಡನ್ನು ಶರೀರವು ಈಗಾಗಲೇ ಸಂಭವಿಸಿದೆಯೆಂದು ತಿಳಿಯುತ್ತದೆ. ಎದೆ ಹೊಡೆದುಕೊಳ್ಳುತ್ತದೆ, ಉಸಿರು ಮೇಲೆಮೇಲೆ ಬರುತ್ತದೆ, ಹೊಟ್ಟೆ ತೊಳಸುತ್ತದೆ, ನಿದ್ದೆ ಓಡಿಹೋಗುತ್ತದೆ. ಆಪತ್ತಿನ ಎದುರು ಓಡಲು ಅಥವಾ ಹೋರಾಡಲು ಅಲ್ಲಾಹನು ಶರೀರದಲ್ಲಿಟ್ಟ ಸಿದ್ಧತೆಯೇ ಅದು. ಆಪತ್ತು ಕಣ್ಣ ಮುಂದೆ ಇಲ್ಲದಿರುವಾಗಲೂ ಆ ಸಿದ್ಧತೆ ಇಳಿಯದೆ ನಿಂತುಬಿಟ್ಟರೆ ಮನುಷ್ಯ ಬಳಲುತ್ತಾನೆ.

ಆಡಳಿತವು ರೋಗವನ್ನು ಕಂಡಿತು, ಭಯವನ್ನು ಕಾಣಲಿಲ್ಲ. ಇದು ಬೆಂಗಳೂರಿನ ಮಾತು ಮಾತ್ರವಲ್ಲ. 1897ರ ಸಾಂಕ್ರಾಮಿಕ ರೋಗಗಳ ಕಾಯಿದೆ ಅಧಿಕಾರಿಗಳಿಗೆ ಅಪಾರ ಅಧಿಕಾರ ಕೊಟ್ಟಿತ್ತು. ಪುಣೆಯಲ್ಲಿ ಸೈನಿಕರು ಮನೆಗಳ ಒಳಕೋಣೆಗಳಿಗೆ ನುಗ್ಗಿದ ಪರಿಣಾಮವಾಗಿ ಪ್ಲೇಗ್ ಅಧಿಕಾರಿ ರ‍್ಯಾಂಡ್ ಎಂಬಾತನನ್ನು 1897ರ ಜೂನ್ ತಿಂಗಳಲ್ಲಿ ಗುಂಡಿಟ್ಟು ಕೊಂದರು. ಮುಂಬಯಿಯ ಮದನ್‌ಪುರದಲ್ಲಿ 1898ರ ಮಾರ್ಚ್ 9ರಂದು ಮುಸ್ಲಿಮ್ ನೇಕಾರರ ಮನೆಯ ಹುಡುಗಿಯೊಬ್ಬಳನ್ನು ತಪಾಸಣೆಗೆ ಒಳಪಡಿಸಹೊರಟಾಗ ದಂಗೆಯೇ ಆಯಿತು. ಪರದೆಯ ಮನೆಗಳಿಗೆ ಅಪರಿಚಿತ ಗಂಡಸರು ಬರುವುದು, ಮಗುವನ್ನು ತಾಯಿಯಿಂದ ಬೇರ್ಪಡಿಸುವುದು, ಮೃತರ ಗುಸ್ಲ್ ಮತ್ತು ಕಫನ್ ನಮ್ಮ ಕೈಯಿಂದ ಆಗುವುದೋ ಇಲ್ಲವೋ ಎಂಬ ಸಂಶಯ — ಇವು ರೋಗಕ್ಕಿಂತ ಹೆಚ್ಚಾಗಿ ಜನರನ್ನು ಕಾಡಿದವು. ಜನರು ರೋಗಿಗಳನ್ನು ಅಟ್ಟದ ಮೇಲೆ ಬಚ್ಚಿಟ್ಟರು. ಬಚ್ಚಿಟ್ಟದ್ದರಿಂದ ರೋಗ ಹರಡಿತು. 2020ರಲ್ಲಿ ಕೊರೋನಾ ಕಾಲದಲ್ಲಿ ಇದೇ ದೃಶ್ಯವನ್ನು ನಾವು ಮತ್ತೊಮ್ಮೆ ನೋಡಿದ್ದೇವೆ. ಮನೆಯ ಬಾಗಿಲಿಗೆ ಚೀಟಿ ಅಂಟಿಸುತ್ತಾರೆಂಬ ಭಯದಿಂದ ಜ್ವರವನ್ನು ಮುಚ್ಚಿಟ್ಟವರು ನಮ್ಮ ಜಮಾಅತ್‌ನಲ್ಲೇ ಇದ್ದರು.

ಪ್ಲೇಗಿನ ಕಾರಣವೂ ಆಗ ಜನರಿಗೆ ಸ್ಪಷ್ಟವಾಗಿರಲಿಲ್ಲ. 1894ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಯೆರ್ಸಿನ್ ಎಂಬ ವಿಜ್ಞಾನಿ ಅದರ ಸೂಕ್ಷ್ಮಾಣುವನ್ನು ಗುರುತಿಸಿದ್ದನು. ಇಲಿಯ ಮೈಮೇಲಿನ ಚಿಗಟವೇ ಅದನ್ನು ಹರಡುತ್ತದೆಂದು ಸಿಮೊಂಡ್ ಎಂಬವನು ತೋರಿಸಿದ್ದು 1898ರಲ್ಲಿಯೇ ಆದರೂ ಬಹುಕಾಲ ಯಾರೂ ನಂಬಲಿಲ್ಲ. ಇಕ್ಕಟ್ಟು, ಕೊಳಕು, ಕೆಟ್ಟ ಗಾಳಿ — ಇವೇ ರೋಗದ ಮೂಲವೆಂಬುದು ಅಂದಿನ ನಂಬಿಕೆ. ಚಿಕ್ಕಪೇಟೆ, ಬಳೇಪೇಟೆ, ಅರಳೇಪೇಟೆ, ತಾರಾಮಂಡಲಪೇಟೆಗಳ ಇಕ್ಕಟ್ಟಿನ ಓಣಿಗಳಿಂದ ಜನರನ್ನು ಬಯಲಿಗೆ ತರಬೇಕೆಂದು ಆಡಳಿತವು ನಿಶ್ಚಯಿಸಿತು. ಚಾಮರಾಜೇಂದ್ರ ಒಡೆಯರ ಹೆಸರಿನಲ್ಲಿ ಕೋಟೆಯ ಪಶ್ಚಿಮಕ್ಕೆ ಚಾಮರಾಜಪೇಟೆ 1892ರಲ್ಲೇ ಆರಂಭವಾಗಿತ್ತು. ದಕ್ಷಿಣದಲ್ಲಿ ಬಸವನ ಗುಡಿಯ ಸುತ್ತ, ವಾಯವ್ಯದಲ್ಲಿ ಕಾಡುಮಲ್ಲೇಶ್ವರ ದೇವಸ್ಥಾನದ ಸುತ್ತ ಇನ್ನೆರಡು ಬಡಾವಣೆಗಳ ಕೆಲಸವನ್ನು ಪ್ಲೇಗ್ ಚುರುಕುಗೊಳಿಸಿತು. ನೇರವಾದ ಅಗಲ ಬೀದಿ, ಎರಡು ಮನೆಗಳ ನಡುವೆ ಅಂತರ, ಸಾಲುಮರ, ಮಲವನ್ನು ಹಿಂಬದಿಯಿಂದಲೇ ಸಾಗಿಸಲು ಓಣಿ — ಇವೆಲ್ಲವೂ ಆ ಅರ್ಧ ತಪ್ಪು ಸಿದ್ಧಾಂತದ ಫಲ. ಸಿದ್ಧಾಂತ ಅರ್ಧ ತಪ್ಪಾಗಿದ್ದರೂ ಮರಗಳು ಪೂರ್ತಿ ಸರಿಯಾಗಿದ್ದವು. (ಆ ಹಿಂಬದಿಯ ಓಣಿಗಳಲ್ಲಿ ತಲೆಯ ಮೇಲೆ ಮಲ ಹೊತ್ತವರ ಮಾತನ್ನು ಈ ಬಡಾವಣೆಗಳನ್ನು ಹೊಗಳುವವರು ಸಾಮಾನ್ಯವಾಗಿ ಆಡುವುದಿಲ್ಲ.)

ಹೊಸ ಬಡಾವಣೆಗೆ ಎಲ್ಲರೂ ಹೋಗಲಾಗಲಿಲ್ಲ. ಸಂಬಳದ ಅಧಿಕಾರಿ, ವಕೀಲ, ಉಪಾಧ್ಯಾಯರಂಥವರಿಗೆ ಅದು ಸಾಧ್ಯವಾಯಿತು. ಅಂಗಡಿಯ ಮೇಲಂತಸ್ತಿನಲ್ಲೇ ಬದುಕುತ್ತಿದ್ದ ಕುಶಲಕರ್ಮಿ, ಮಗ್ಗದವನು, ಬೀಡಿ ಸುತ್ತುವವನು ಪೇಟೆಯಲ್ಲೇ ಉಳಿದನು. ಅವರಲ್ಲಿ ನಮ್ಮವರು ಬಹಳ. ಇಂದಿಗೂ ಕಲಾಸಿಪಾಳ್ಯ, ಕಾಟನ್‌ಪೇಟೆಗಳ ಓಣಿಗಳಲ್ಲಿ ಕಿಟಕಿ ತೆರೆದರೆ ಎದುರುಮನೆಯ ಗೋಡೆಯೇ ಕಾಣುವ ಮನೆಗಳಲ್ಲಿ ನಮ್ಮ ಹೆಣ್ಣುಮಕ್ಕಳು ದಿನದ ಇಪ್ಪತ್ತನಾಲ್ಕು ಗಂಟೆ ಕಳೆಯುತ್ತಾರೆ. ಈ ಮಾತಿಗೆ ಮತ್ತೆ ಬರುತ್ತೇವೆ.

ಇಲ್ಲಿ ಧರ್ಮದ ಪ್ರಶ್ನೆಯೊಂದು ಏಳುತ್ತದೆ. ಪ್ಲೇಗ್ ಇರುವ ಊರನ್ನು ಬಿಟ್ಟು ಓಡಬಾರದು, ಅಲ್ಲಿಗೆ ಹೊರಗಿನಿಂದ ಹೋಗಲೂಬಾರದು ಎಂಬುದು ಪ್ರವಾದಿ(ಸ)ರ ನಿರ್ದೇಶ. ಹಾಗಾದರೆ ಬಯಲಿಗೆ ಹೋಗುವುದು ಸರಿಯೇ? ಅಲ್ಲಾಹನ ವಿಧಿಯಿಂದ ತಪ್ಪಿಸಿಕೊಳ್ಳುವ ಯತ್ನವಲ್ಲವೇ? ಇದೇ ಪ್ರಶ್ನೆಯನ್ನು ಹಿಜರಿ 18ರಲ್ಲಿ, ಅಂದರೆ ಕ್ರಿ.ಶ. 639ರ ಸುಮಾರಿಗೆ, ಸಹಾಬಿಗಳೇ ಎದುರಿಸಿದ್ದರು.

ಖಲೀಫ ಉಮರ್(ರ) ಶಾಮ್ ದೇಶದ ಕಡೆಗೆ ಹೊರಟು ಸರ್ಗ್ ಎಂಬಲ್ಲಿಗೆ ತಲುಪಿದಾಗ ಮುಂದೆ ಪ್ಲೇಗ್ ಇದೆಯೆಂಬ ಸುದ್ದಿ ಬಂತು. ಇತಿಹಾಸದಲ್ಲಿ ಅಮ್ವಾಸ್‌ನ ಪ್ಲೇಗ್ ಎಂದು ಹೆಸರಾದದ್ದು ಇದು. ಉಮರ್(ರ) ಒಬ್ಬರೇ ತೀರ್ಮಾನ ಮಾಡಲಿಲ್ಲ. ಮುಹಾಜಿರರನ್ನು ಕರೆದು ಕೇಳಿದರು, ಅವರಲ್ಲಿ ಒಮ್ಮತವಿರಲಿಲ್ಲ. ಅನ್ಸಾರರನ್ನು ಕೇಳಿದರು, ಅವರಲ್ಲೂ ಇರಲಿಲ್ಲ. ಕುರೈಶರ ಹಿರಿಯರನ್ನು ಕೇಳಿದಾಗ ಹಿಂದಿರುಗಬೇಕೆಂದು ಒಂದೇ ದನಿಯಲ್ಲಿ ಹೇಳಿದರು. ಹಿಂದಿರುಗುವ ನಿರ್ಧಾರವಾದಾಗ ಅಬೂ ಉಬೈದಾ(ರ) ಅವರಂಥ ಮಹನೀಯರೇ ಆಕ್ಷೇಪಿಸಿದರು. ಉಮರ್(ರ) ಅವರಿಗೆ ಕೊಟ್ಟ ಉತ್ತರ ಪ್ರಸಿದ್ಧವಾಗಿದೆ: ತಾವು ಅಲ್ಲಾಹನ ಒಂದು ವಿಧಿಯಿಂದ ಅವನದೇ ಇನ್ನೊಂದು ವಿಧಿಯ ಕಡೆಗೆ ಹೋಗುತ್ತಿರುವುದಾಗಿ ಅವರು ತಿಳಿಸಿದರು. ಜೊತೆಗೆ ಒಂಟೆ ಕಾಯುವವನ ದೃಷ್ಟಾಂತವನ್ನೂ ಕೊಟ್ಟರು. ಕಣಿವೆಯ ಒಂದು ಪಕ್ಕ ಹಸಿರು, ಇನ್ನೊಂದು ಪಕ್ಕ ಬರಡು. ಎಲ್ಲಿ ಮೇಯಿಸಿದರೂ ಅದು ಅಲ್ಲಾಹನ ವಿಧಿಯೇ. ಹಸಿರನ್ನು ಆರಿಸಿಕೊಳ್ಳುವುದು ವಿಧಿಯ ವಿರುದ್ಧ ದಂಗೆಯಾಗುವುದಿಲ್ಲ. ಆಮೇಲೆ ಅಬ್ದುರ್ರಹ್ಮಾನ್ ಬಿನ್ ಔಫ್(ರ) ಬಂದು ಮೇಲೆ ಹೇಳಿದ ಪ್ರವಾದಿ ವಚನವನ್ನು ತಿಳಿಸಿದಾಗ ಉಮರ್(ರ) ಅಲ್ಲಾಹನನ್ನು ಸ್ತುತಿಸಿದರು.

ಇದರ ಮುಂದಿನ ಭಾಗವನ್ನು ನಮ್ಮ ಭಾಷಣಗಳಲ್ಲಿ ಅಷ್ಟಾಗಿ ಹೇಳುವುದಿಲ್ಲ. ಸೈನ್ಯವು ತಗ್ಗಿನ ತೇವದ ನೆಲದಲ್ಲಿ ಬೀಡುಬಿಟ್ಟಿದೆ, ಅದನ್ನು ಎತ್ತರದ, ಗಾಳಿ ಶುದ್ಧವಾಗಿರುವ ನೆಲಕ್ಕೆ ಸಾಗಿಸಿರಿ ಎಂದು ಉಮರ್(ರ) ಬರೆದು ಕಳುಹಿಸಿದರೆಂದು ಇತಿಹಾಸಕಾರರು ದಾಖಲಿಸಿದ್ದಾರೆ. ಅಬೂ ಉಬೈದಾ(ರ) ಅದೇ ರೋಗದಲ್ಲಿ ತೀರಿಕೊಂಡರು, ಅವರ ನಂತರ ಮುಆದ್ ಬಿನ್ ಜಬಲ್(ರ) ತೀರಿಕೊಂಡರು. ಬಳಿಕ ಹೊಣೆ ಹೊತ್ತ ಅಮ್ರ್ ಬಿನ್ ಆಸ್(ರ) ಜನರನ್ನು ಬೆಟ್ಟಗಳ ಮೇಲೆ ಚದುರಿಸಿದರು, ರೋಗ ಇಳಿಯಿತು. ಆ ನಾಡನ್ನೇ ತೊರೆದು ಓಡುವುದು ಒಂದು, ಅದೇ ನಾಡಿನ ಎತ್ತರದ ಬಯಲಿಗೆ ಹೋಗುವುದು ಇನ್ನೊಂದು. ಎರಡರ ನಡುವಿನ ವ್ಯತ್ಯಾಸವನ್ನು ಸಹಾಬಿಗಳು ಅರಿತಿದ್ದರು. ಬಸವನಗುಡಿಯ ಎತ್ತರದ ನೆಲಕ್ಕೆ ಜನರನ್ನು ಕಳುಹಿಸಿದ ದಿವಾನರಿಗೆ ಈ ಪತ್ರದ ವಿಷಯ ತಿಳಿದಿರಲಾರದು. ಪೇಟೆಯ ನಮ್ಮ ಹಿರಿಯರಲ್ಲಿ ಕೆಲವರಿಗಾದರೂ ತಿಳಿದಿದ್ದಿರಬೇಕು.

ಬಯಲಿಗೆ ಹೋಗುವುದರಲ್ಲೂ ವಿವೇಕ ಬೇಕು. ಹದೀಸ್ ವಿದ್ವಾಂಸರಾದ ಇಬ್ನ್ ಹಜರ್ ಅಸ್ಕಲಾನಿ(ರಹ್) ತಮ್ಮ ಮೂವರು ಹೆಣ್ಣುಮಕ್ಕಳನ್ನು ಪ್ಲೇಗಿಗೆ ಕಳೆದುಕೊಂಡವರು. ಅವರು ಪ್ಲೇಗಿನ ಬಗ್ಗೆಯೇ ಒಂದು ಗ್ರಂಥ ಬರೆದರು. ಹಿಜರಿ 833ರಲ್ಲಿ ಕೈರೋದಲ್ಲಿ ದಿನದ ಸಾವು ನಲವತ್ತಕ್ಕಿಂತ ಕಡಿಮೆಯಿದ್ದಾಗ ಜನರೆಲ್ಲ ಉಪವಾಸ ಮಾಡಿ ಒಟ್ಟಾಗಿ ಮರುಭೂಮಿಗೆ ಹೋಗಿ ಪ್ರಾರ್ಥಿಸಿದರು. ತಿಂಗಳು ತುಂಬುವುದರೊಳಗೆ ಸಾವು ದಿನಕ್ಕೆ ಸಾವಿರ ದಾಟಿತೆಂದು ಅವರು ಬರೆದಿದ್ದಾರೆ. ಮಗಳಂದಿರನ್ನು ಕಳೆದುಕೊಂಡ ತಂದೆಯೊಬ್ಬ, ಹದೀಸಿನ ಮಹಾಪಂಡಿತ, ಕಣ್ಣಾರೆ ಕಂಡ ಲೆಕ್ಕವನ್ನು ಮುಚ್ಚಿಡಲಿಲ್ಲ. ಈ ಪ್ರಾಮಾಣಿಕತೆ ನಮಗೆ ಬಹಳ ಮುಖ್ಯವೆನಿಸುತ್ತದೆ.

ಶರೀರದ ರೋಗದ ಮಾತು ಇಷ್ಟಾಯಿತು. ಮನಸ್ಸಿನದು?

ಹಿಜರಿ ಮೂರನೆಯ ಶತಮಾನದಲ್ಲಿ ಬಲ್ಖ್ ಪ್ರಾಂತದಲ್ಲಿ ಜನಿಸಿದ ಅಬೂ ಝೈದ್ ಅಲ್ ಬಲ್ಖಿ (850–934) ಎಂಬ ವಿದ್ವಾಂಸರು 'ಮಸಾಲಿಹುಲ್ ಅಬ್ದಾನಿ ವಲ್ ಅನ್ಫುಸ್' ಎಂಬ ಗ್ರಂಥ ಬರೆದರು. ಶರೀರಗಳ ಮತ್ತು ಮನಸ್ಸುಗಳ ಹಿತ ಎಂಬುದು ಅದರ ಅರ್ಥ. ಒಂದೇ ಗ್ರಂಥದಲ್ಲಿ ಎರಡು ಭಾಗ. ಮೊದಲನೆಯದು ಗಾಳಿ, ನೀರು, ವಾಸಸ್ಥಳ, ಆಹಾರ, ನಿದ್ರೆ, ನಡಿಗೆ ಮುಂತಾದ ಶರೀರದ ವಿಚಾರಗಳಿಗೆ. ಎರಡನೆಯದು ಮನಸ್ಸಿನ ಬೇನೆಗಳಿಗೆ. ವೈದ್ಯರು ಶರೀರವನ್ನು ಮಾತ್ರ ನೋಡುತ್ತಾರೆ, ಮನಸ್ಸಿನ ಬೇನೆಯನ್ನು ಯಾರೂ ಬರೆಯುವುದಿಲ್ಲ ಎಂಬುದು ಅವರ ಕೊರಗು. ಮನಸ್ಸಿನ ಬೇನೆಗಳನ್ನು ಅವರು ಕೋಪ, ದುಃಖ, ಭಯ, ವಸ್‌ವಾಸ್ ಎಂದು ನಾಲ್ಕಾಗಿ ವಿಂಗಡಿಸಿದರು. ಆರೋಗ್ಯವಂತನು ತುರ್ತಿಗೆಂದು ಮನೆಯಲ್ಲಿ ಔಷಧಿ ಇಟ್ಟುಕೊಳ್ಳುವಂತೆ, ಮನಸ್ಸು ನೆಮ್ಮದಿಯಾಗಿರುವಾಗಲೇ ಒಳ್ಳೆಯ ಆಲೋಚನೆಗಳನ್ನು ಕೂಡಿಟ್ಟುಕೊಳ್ಳಬೇಕೆಂದು ಹೇಳಿದರು. ವಸ್‌ವಾಸ್ ಕಾಡುವವನಿಗೆ ಏಕಾಂತ ಹಿತವಲ್ಲ, ಅವನು ಜನರ ನಡುವೆ ಇರಬೇಕೆಂದೂ ಹೇಳಿದರು. ಭಯಪಡುವವನನ್ನು ಅವರು ಈಮಾನ್ ಇಲ್ಲದವನೆಂದು ಬಯ್ಯಲಿಲ್ಲ. ಮನಸ್ಸಿಗೂ ಶರೀರದಂತೆಯೇ ಕಾಯಿಲೆ ಬರುವುದು ಅವರಿಗೆ ಸಹಜವಾಗಿ ಕಂಡಿತು.

ಮುಸ್ಲಿಮ್ ನಗರಗಳ ಬೀಮಾರಿಸ್ತಾನ್‌ಗಳಲ್ಲಿ ಈ ತಿಳಿವು ಕಟ್ಟಡದ ರೂಪ ಪಡೆಯಿತು. ದಮಸ್ಕಸ್‌ನಲ್ಲಿ ನೂರುದ್ದೀನ್ 1154ರಲ್ಲಿ, ಕೈರೋದಲ್ಲಿ ಕಲಾವೂನ್ 1284ರಲ್ಲಿ, ಅಲೆಪ್ಪೋದಲ್ಲಿ ಅರ್ಗೂನ್ 1354ರಲ್ಲಿ ಕಟ್ಟಿಸಿದ ಆಸ್ಪತ್ರೆಗಳ ನಡುವೆ ಅಂಗಳ, ಅಂಗಳದ ನಡುವೆ ನೀರಿನ ಕೊಳ. ಮನೋರೋಗಿಗಳಿಗೂ ಅಲ್ಲಿ ಜಾಗವಿತ್ತು. ಎದಿರ್ನೆಯಲ್ಲಿ ಸುಲ್ತಾನ್ ಬಾಯಝೀದ್ 1488ರಲ್ಲಿ ಮುಗಿಸಿದ ಆಸ್ಪತ್ರೆಯಲ್ಲಿ ನೀರಿನ ಸದ್ದು, ಸಂಗೀತ, ತೋಟದ ಹೂವುಗಳ ಪರಿಮಳಗಳನ್ನು ಚಿಕಿತ್ಸೆಯಾಗಿ ಬಳಸುತ್ತಿದ್ದುದನ್ನು ಪ್ರವಾಸಿ ಎವ್ಲಿಯಾ ಚೆಲೆಬಿ ಬಣ್ಣಿಸಿದ್ದಾನೆ. 1984ರಲ್ಲಿ ಅಮೆರಿಕದ ರೋಜರ್ ಉಲ್ರಿಚ್ ಎಂಬ ಸಂಶೋಧಕ ಪಿತ್ತಕೋಶದ ಶಸ್ತ್ರಕ್ರಿಯೆಯಾದವರ ದಾಖಲೆಗಳನ್ನು ಹೋಲಿಸಿ ನೋಡಿದನು. ಕಿಟಕಿಯಿಂದ ಮರಗಳು ಕಾಣುತ್ತಿದ್ದವರು ಇಟ್ಟಿಗೆ ಗೋಡೆ ಕಾಣುತ್ತಿದ್ದವರಿಗಿಂತ ಬೇಗನೆ ಮನೆಗೆ ಹೋಗಿದ್ದರು, ನೋವಿನ ಔಷಧವೂ ಅವರಿಗೆ ಕಡಿಮೆ ಸಾಕಾಗಿತ್ತು. ಕಲಾಸಿಪಾಳ್ಯದ ಕಿಟಕಿಗಳು ನಮಗೆ ನೆನಪಾದುದು ಇದಕ್ಕಾಗಿಯೇ.

ಬೆಂಗಳೂರಿನಲ್ಲಿ ಆ ಕಿಟಕಿಗಳ ಸಮೀಪದಲ್ಲೇ ಲಾಲ್‌ಬಾಗ್ ಇದೆ. ಸಿರಾದ ಮೊಗಲ್ ಶೈಲಿಯ ತೋಟಗಳಿಂದ ಪ್ರೇರಿತರಾಗಿ ಹೈದರಲಿಯವರು 1760ರಲ್ಲಿ ಸುಮಾರು 40 ಎಕರೆಯಲ್ಲಿ ಇದನ್ನು ಆರಂಭಿಸಿದರು. ಟಿಪ್ಪು ಸುಲ್ತಾನರು ಹೊರದೇಶಗಳಿಂದ ಬೀಜ, ಸಸಿಗಳನ್ನು ತರಿಸಿ ಬೆಳೆಸಿದರು. ಇಂದು ಅದು 240 ಎಕರೆ. ಗಾಜಿನ ಮನೆಗೆ 1889ರಲ್ಲಿ ಅಡಿಗಲ್ಲು ಬಿತ್ತು. 1908ರಿಂದ ತೋಟದ ಹೊಣೆ ಹೊತ್ತ ಜರ್ಮನಿಯ ಕ್ರುಂಬಿಗೆಲ್, ಒಂದು ಮರದ ಹೂವು ಮುಗಿಯುವಾಗ ಇನ್ನೊಂದು ಅರಳುವಂತೆ ಊರಿನ ರಸ್ತೆಗಳಿಗೆ ಮರಗಳನ್ನು ಆರಿಸಿದರು. ಅವರಿಗೆ ಬೆನ್ನೆಲುಬಾಗಿ ನಿಂತವರು 1926ರಿಂದ 1941ರವರೆಗೆ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್. ಕುದುರೆ ವ್ಯಾಪಾರಕ್ಕೆಂದು ಶಿರಾಝ್‌ನಿಂದ ಬೆಂಗಳೂರಿಗೆ ಬಂದ ಅಲಿ ಅಸ್ಕರ್ ಅವರ ಮೊಮ್ಮಗ. ಊರಿನ ಮೂಲೆಮೂಲೆಯಲ್ಲಿ ಉದ್ಯಾನವಿರಬೇಕೆಂಬುದು ಅವರ ಹಟ.

ಮಿರ್ಜಾ ಅವರ ಕಾಲದ ಇನ್ನೊಂದು ಕೆಲಸ ಅಷ್ಟು ಪ್ರಸಿದ್ಧವಲ್ಲ. ಹತ್ತೊಂಬತ್ತನೆಯ ಶತಮಾನದ ಮಧ್ಯದಿಂದ ಬೆಂಗಳೂರಿನಲ್ಲೊಂದು ಹುಚ್ಚಾಸ್ಪತ್ರೆ ಇತ್ತು. 1925ರಲ್ಲಿ ಆ ಹೆಸರನ್ನು ಕೈಬಿಟ್ಟು ಮಾನಸಿಕ ಆಸ್ಪತ್ರೆ ಎಂದು ಕರೆದರು. ಡಾ. ಫ್ರಾಂಕ್ ನೊರೋನ್ಹಾ ಅದರ ಮುಖ್ಯಸ್ಥರಾಗಿದ್ದಾಗ, 1930ರ ದಶಕದಲ್ಲಿ ಅದು ಪೇಟೆಯ ಇಕ್ಕಟ್ಟಿನಿಂದ ಲಾಲ್‌ಬಾಗ್ ದಾಟಿ ಹೊಸೂರು ರಸ್ತೆಯ ವಿಶಾಲವಾದ ಆವರಣಕ್ಕೆ ಬಂತು. 1954ರಲ್ಲಿ ಅಲ್ಲಿಯೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು. 1974ರಲ್ಲಿ ಎರಡೂ ಸೇರಿ ನಿಮ್ಹಾನ್ಸ್ ಆಯಿತು. ನಮ್ಮ ದೇಶದ ಮನೋವೈದ್ಯರು ಹಿಡಿದ ಒಂದು ದಾರಿ ವಿಶಿಷ್ಟವಾದುದು. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ರೋಗಿಯ ಮನೆಯವರಿಗೂ ಆವರಣದಲ್ಲಿ ಡೇರೆ ಹಾಕಿಸಿಕೊಟ್ಟರು. ರೋಗಿಯನ್ನು ಮನೆಯವರಿಂದ ಕಿತ್ತು ಬೇರೆಯಿಡುವುದರ ಬದಲು ಮನೆಯವರನ್ನೇ ಚಿಕಿತ್ಸೆಯ ಒಳಗೆ ತಂದರು. ನಿಮ್ಹಾನ್ಸ್ ಕೂಡ ಈ ದಾರಿಯಲ್ಲಿ ನಡೆದು ಕುಟುಂಬಕ್ಕೆಂದೇ ವಾರ್ಡುಗಳನ್ನು ಮಾಡಿತು. 1898ರ ಪ್ರತ್ಯೇಕ ಶಿಬಿರದೊಂದಿಗೆ ಇದನ್ನು ಹೋಲಿಸಿ ನೋಡಬೇಕು. ಅಂದು ಜನರಿಗೆ ಗಾಳಿಯನ್ನು ಕೊಟ್ಟು ಒಡನಾಟವನ್ನು ಕಿತ್ತುಕೊಂಡಿದ್ದರು.

ಪೇಟೆಯ ಒಡನಾಟಕ್ಕೆ ಅದರದೇ ಆದ ಶಕ್ತಿಯಿದೆ. ಕರಗದ ರಾತ್ರಿ ಧರ್ಮರಾಯನ ಗುಡಿಯಿಂದ ಹೊರಟ ಮೆರವಣಿಗೆ ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಇಂದಿಗೂ ಬರುತ್ತದೆ. ಆಚರಣೆಗಳ ಕುರಿತು ನಮ್ಮ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯ ಇದ್ದೇ ಇದೆ, ಅದರ ಚರ್ಚೆಗೆ ಇದು ಜಾಗವಲ್ಲ. ನೆರೆಯವರು ಪರಸ್ಪರರ ಬಾಗಿಲನ್ನು ಮರೆತಿಲ್ಲವೆಂಬುದನ್ನಷ್ಟೇ ಇಲ್ಲಿ ಹೇಳುತ್ತೇವೆ. ಕೆಲವು ವರ್ಷಗಳಿಂದ ನಮ್ಮವರ ಕಳವಳಕ್ಕೆ ಹೊಸ ಕಾರಣಗಳು ಸೇರಿಕೊಂಡಿವೆ. ಮೊಬೈಲಿನಲ್ಲಿ ಗಂಟೆಗೊಂದು ಸುದ್ದಿ, ಸುದ್ದಿಗೊಂದು ಹೆದರಿಕೆ, ಮಗನಿಗೆ ಕೆಲಸ ಸಿಗುವುದೇ, ಬಾಡಿಗೆ ಮನೆ ಕೊಡುವರೇ ಎಂಬ ಚಿಂತೆ. ಇವು ಕಲ್ಪಿತವೆಂದು ನಾವು ಹೇಳುವುದಿಲ್ಲ. ನಿಜವಾದ ಕಾರಣವಿರುವ ಭಯವೂ ಶರೀರವನ್ನು ಸವೆಸುತ್ತದೆ. ಅಂಥ ಭಯ ಹೊತ್ತವನಿಗೆ ಒಬ್ಬಂಟಿತನ ಮತ್ತಷ್ಟು ಭಾರ.

ಇಲ್ಲಿ ನಮ್ಮದೇ ಒಂದು ತಪ್ಪನ್ನು ಹೇಳಬೇಕಾಗಿದೆ. ಕೆಲವು ವರ್ಷಗಳ ಹಿಂದೆ ಪೇಟೆಯಲ್ಲಿ ಸಣ್ಣ ಬಟ್ಟೆಯಂಗಡಿ ಇಟ್ಟುಕೊಂಡಿದ್ದ, ಐದು ಹೊತ್ತಿನ ನಮಾಝ್ ತಪ್ಪಿಸದ ಒಬ್ಬರು ಇಶಾ ನಂತರ ನಮ್ಮ ಬಳಿ ಕುಳಿತರು. "ಹಜ್ರತ್, ರಾತ್ರಿ ಎರಡು ಗಂಟೆಗೆ ಎಚ್ಚರವಾಗುತ್ತದೆ. ಎದೆ ಹೊಡೆದುಕೊಳ್ಳುತ್ತದೆ. ಸಾಯುತ್ತೇನೆ ಅನ್ನಿಸುತ್ತದೆ. ಹೃದಯದ ಡಾಕ್ಟರು ಏನೂ ಇಲ್ಲ ಅಂದರು" ಎಂದರು. ನಾವು ತವಕ್ಕುಲ್ ಬಗ್ಗೆ ಮಾತಾಡಿದೆವು. ದಿಕ್ರ್ ಹೆಚ್ಚಿಸಿ, ಈಮಾನ್ ಗಟ್ಟಿಯಾಗಿದ್ದರೆ ಹೀಗಾಗುವುದಿಲ್ಲ ಎಂದೆವು. ಅವರು ತಲೆಯಾಡಿಸಿ ಹೋದರು. ಆಮೇಲೆ ಹಲವು ತಿಂಗಳು ಅವರು ಮೊದಲ ಸಾಲಿನಲ್ಲಿ ನಿಲ್ಲುವುದನ್ನು ಬಿಟ್ಟು ಹಿಂದಿನ ಸಾಲಿನಲ್ಲಿ ನಿಂತು, ಸಲಾಮ್ ಕೊಟ್ಟೊಡನೆ ಹೊರಟುಬಿಡುತ್ತಿದ್ದರು. ಕಾರಣವನ್ನು ಅವರು ಬಹಳ ಕಾಲದ ಮೇಲೆ ಹೇಳಿದರು: ಮೊದಲು ಎದೆಯ ಭಯವೊಂದೇ ಇತ್ತು, ನಮ್ಮ ಮಾತಿನ ನಂತರ ತಾವು ಮುನಾಫಿಕರೇನೋ ಎಂಬ ಭಯವೂ ಸೇರಿತ್ತು.

ಹದಿನಾಲ್ಕು ವರ್ಷ ಮದ್ರಸದಲ್ಲಿ ಪಾಠ ಹೇಳಿದ ನಮಗೆ ಆ ರಾತ್ರಿ ನೆನಪಾಗಬೇಕಾಗಿದ್ದ ಪಾಠಗಳು ನೆನಪಾಗಲಿಲ್ಲ. ಹಿರಾ ಗುಹೆಯಲ್ಲಿ ಮೊದಲ ವಹೀ ಬಂದಾಗ ಪ್ರವಾದಿ(ಸ) ನಡುಗುತ್ತಾ ಮನೆಗೆ ಬಂದರು. ಬಟ್ಟೆ ಹೊದಿಸಿರೆಂದರು. ತಮ್ಮ ಬಗ್ಗೆಯೇ ತಮಗೆ ಭಯವಾಗುತ್ತಿದೆಯೆಂದರು. ಖದೀಜಾ(ರ) ಉಪದೇಶ ಮಾಡಲಿಲ್ಲ. ಮೊದಲು ಹೊದಿಸಿದರು. ನಡುಕ ನಿಲ್ಲುವವರೆಗೆ ಕಾದರು. ಆಮೇಲೆ ಅವರು ಬಂಧುಗಳನ್ನು ಪೋಷಿಸುವುದನ್ನು, ನಿರ್ಗತಿಕರ ಭಾರ ಹೊರುವುದನ್ನು, ಅತಿಥಿಗಳನ್ನು ಸತ್ಕರಿಸುವುದನ್ನು ಒಂದೊಂದಾಗಿ ನೆನಪಿಸಿದರು. ಅದೂ ಸಾಲದೆಂದು ಈ ವಿಷಯ ಬಲ್ಲ ವರಕಾ ಅವರ ಬಳಿಗೆ ಕೈಹಿಡಿದು ಕರೆದೊಯ್ದರು. ಯಾಕೂಬ್(ಅ) ಮಗನಿಗಾಗಿ ಅತ್ತು ಕಣ್ಣು ಬೆಳ್ಳಗಾದುದನ್ನು ಕುರ್‌ಆನ್ ಹೇಳುತ್ತದೆ. ಅವರ ಈಮಾನನ್ನು ಅದಕ್ಕಾಗಿ ಪ್ರಶ್ನಿಸುವುದಿಲ್ಲ. ಪ್ರವಾದಿ(ಸ) ತಾವೇ 'ಹಮ್ಮ್' ಮತ್ತು 'ಹಝನ್'ಗಳಿಂದ ಅಲ್ಲಾಹನ ಅಭಯ ಬೇಡುತ್ತಿದ್ದರು. ಬರಲಿರುವುದರ ಕಳವಳ ಹಮ್ಮ್, ಆಗಿಹೋದುದರ ಶೋಕ ಹಝನ್ ಎಂದು ವಿದ್ವಾಂಸರು ವಿವರಿಸುತ್ತಾರೆ. ಅಲ್ಲಾಹನ ದೂತರು ಪ್ರಾರ್ಥನೆಯಲ್ಲಿ ಹೆಸರಿಟ್ಟು ಹೇಳಿದ ಒಂದು ಬೇನೆಯನ್ನು ನಾವು ನಾಚಿಕೆಯ ವಿಷಯವಾಗಿ ಮಾಡಿಬಿಟ್ಟಿದ್ದೆವು.

ಆ ಅಂಗಡಿಯವರ ಬಳಿಗೆ ನಾವು ಹೋಗಿ ಕ್ಷಮೆ ಕೇಳಿದೆವು. ಅವರ ಮನೆಯವರ ಜೊತೆ ಮನೋವೈದ್ಯರಲ್ಲಿಗೂ ಹೋದೆವು. ದಿಕ್ರನ್ನು ಅವರು ಬಿಡಲಿಲ್ಲ, ಬಿಡಬೇಕಾಗಿಯೂ ಇರಲಿಲ್ಲ. ಆದರೆ ವೈದ್ಯರು ಕೊಟ್ಟ ಮಾತ್ರೆಯನ್ನು ನುಂಗುವುದು, ವಾರಕ್ಕೊಮ್ಮೆ ಆಪ್ತಸಮಾಲೋಚನೆಗೆ ಹೋಗುವುದು ಅದಕ್ಕೆ ವಿರೋಧವಲ್ಲವೆಂದು ಅವರಿಗೆ ಸ್ಪಷ್ಟವಾಯಿತು. ಪ್ರತಿಯೊಂದು ರೋಗಕ್ಕೂ ಔಷಧವಿದೆ, ಚಿಕಿತ್ಸೆ ಪಡೆಯಿರಿ ಎಂದು ಪ್ರವಾದಿ(ಸ) ಕಲಿಸಿದ್ದು ಹೃದಯದ ಮಾಂಸಖಂಡಕ್ಕೆ ಮಾತ್ರ ಅನ್ವಯಿಸುತ್ತದೆಯೇ? ಆಸ್ಪತ್ರೆಯ ಬಾಗಿಲು ತುಳಿಯಲು ಹಿಂಜರಿಯುವವರಿಗೆ ಈಗ ಮನೆಯಿಂದಲೇ ಮಾತಾಡುವ ಅನುಕೂಲವಿದೆ. 2022ರ ಅಕ್ಟೋಬರ್ 10ರಂದು ಆರಂಭವಾದ, ನಿಮ್ಹಾನ್ಸ್ ಮಾರ್ಗದರ್ಶನದಲ್ಲಿ ನಡೆಯುವ ಟೆಲಿ ಮಾನಸ್ ಸೇವೆಯ ಸಂಖ್ಯೆ 14416. ಹಣ ಕೊಡಬೇಕಾಗಿಲ್ಲ. ಕನ್ನಡದಲ್ಲೇ ಮಾತಾಡಬಹುದು. ಈ ಸಂಖ್ಯೆಯನ್ನು ಮಸೀದಿಯ ಸೂಚನಾ ಫಲಕದಲ್ಲಿ ನಮಾಝ್ ವೇಳಾಪಟ್ಟಿಯ ಪಕ್ಕದಲ್ಲೇ ಬರೆಯಲು ಯಾವ ಮುತವಲ್ಲಿಗೂ ಅಡ್ಡಿಯಿರಲಾರದು.

ಗಾಳಿ ಮತ್ತು ಒಡನಾಟ ಎರಡನ್ನೂ ಒಟ್ಟಿಗೆ ಕೊಡುವ ಸುನ್ನತ್ ನಮ್ಮಲ್ಲಿಯೇ ಇದೆ. ಪ್ರವಾದಿ(ಸ) ಈದ್ ನಮಾಝನ್ನು ಮಸ್ಜಿದುನ್ನಬವಿ ಇರುವಾಗಲೂ ಊರಾಚೆಯ ಬಯಲಿನಲ್ಲಿ ನಿರ್ವಹಿಸುತ್ತಿದ್ದರು. ಉಮ್ಮು ಅತಿಯ್ಯಾ(ರ) ವರದಿ ಮಾಡಿರುವಂತೆ ಮನೆಯೊಳಗಿರುವ ಯುವತಿಯರನ್ನೂ, ನಮಾಝ್ ಇಲ್ಲದ ದಿನಗಳಲ್ಲಿರುವ ಸ್ತ್ರೀಯರನ್ನೂ ಆ ಬಯಲಿಗೆ ಕರೆತರಲು ಆದೇಶಿಸಿದ್ದರು. ಚಾಮರಾಜಪೇಟೆಯ ಈದ್ಗಾ ಮೈದಾನದಲ್ಲಿ ಈದಿನ ಮುಂಜಾನೆ ತೆರೆದ ಆಕಾಶದ ಕೆಳಗೆ ಭುಜಕ್ಕೆ ಭುಜ ತಾಗಿಸಿ ನಿಂತವನಿಗೆ ಇದರ ಅನುಭವವಿದೆ. ಆದರೆ ಆ ಅನುಭವ ನಮ್ಮ ಎಷ್ಟು ತಾಯಂದಿರಿಗೆ ದೊರೆತಿದೆ? ಗಂಡಸರಾದ ನಾವು ಫಜ್ರ್ ಆದ ಮೇಲೆ ಚಹಾ ಅಂಗಡಿಯಲ್ಲಾದರೂ ನಾಲ್ಕು ಜನರ ಮುಖ ನೋಡುತ್ತೇವೆ. ಎದುರು ಗೋಡೆಯ ಕಿಟಕಿಯ ಹಿಂದೆ ಅತ್ತೆಯ ಕಾಯಿಲೆ, ಮಕ್ಕಳ ಫೀಸು, ಗಂಡನ ಸಾಲಗಳನ್ನು ಎಣಿಸುತ್ತಾ ಕುಳಿತವಳಿಗೆ ಘಬ್ರಾಹಟ್ ಬಂದರೆ ನಾವು ತಾವೀಝ್ ಹುಡುಕುತ್ತೇವೆ. ಲಾಲ್‌ಬಾಗಿಗೆ ನಡೆದುಹೋಗಲು ಅರ್ಧ ಗಂಟೆ ಸಾಕು. ಈ ಮಾತನ್ನು ನಮ್ಮ ಮನೆಗೇ ಮೊದಲು ಹೇಳಿಕೊಂಡಿದ್ದೇವೆ. ಶನಿವಾರಗಳಂದು ಮನೆಯವರು, ನಾದಿನಿ, ನೆರೆಮನೆಯ ಇಬ್ಬರು ಸೇರಿ ಹೋಗುತ್ತಾರೆ. ಮೊದಲ ದಿನ ಅವರು ತಡವಾಗಿ ಬಂದದ್ದಕ್ಕೆ ನಾವು ಸಿಡುಕಿದ್ದು ಕೂಡ ಉಂಟು.

ಗಂಡಸರ ಗುಂಪು ಭಾನುವಾರದ್ದು. ಫಜ್ರ್ ಮುಗಿಸಿ ಏಳೆಂಟು ಜನ ಹೊರಡುತ್ತೇವೆ. ವೇಗದ ನಡಿಗೆಯವರು ಕೆರೆಯ ಕಡೆಗೆ ಹೋಗುತ್ತಾರೆ, ಉಳಿದವರು ಕೆಂಪೇಗೌಡರ ಗೋಪುರವಿರುವ ಬಂಡೆಯನ್ನು ಹತ್ತುತ್ತೇವೆ. ಮುನ್ನೂರು ಕೋಟಿ ವರ್ಷ ಹಳೆಯದೆಂದು ಭೂವಿಜ್ಞಾನಿಗಳು ಹೇಳುವ ಬಂಡೆ ಅದು. ಬೆಳಗಿನ ಹೊತ್ತು ಕಾಲಿಗೆ ತಣ್ಣಗಿರುತ್ತದೆ. ಒಂದು ಕಡೆ ಪೇಟೆ, ಇನ್ನೊಂದು ಕಡೆ ಬಸವನಗುಡಿಯ ಮರಗಳ ತಲೆ. ಅಂಗಡಿಯವರು ತಮ್ಮ ಜೊತೆ ಈಚೆಗೆ ಒಬ್ಬ ಆಟೋ ಚಾಲಕರನ್ನು ಕರೆತರುತ್ತಿದ್ದಾರೆ. ಅವರಿಗೂ ರಾತ್ರಿ ಎರಡು ಗಂಟೆಗೆ ಎಚ್ಚರವಾಗುತ್ತದಂತೆ. ಮೊನ್ನೆ ಇಬ್ಬರೂ ಬಂಡೆಯ ಅಂಚಿನಲ್ಲಿ ನಮ್ಮಿಂದ ತುಸು ದೂರ ಕುಳಿತು ಬಹಳ ಹೊತ್ತು ಮಾತಾಡಿದರು. ನಾವು ಹತ್ತಿರ ಹೋಗಲಿಲ್ಲ. ಒಂಬತ್ತಕ್ಕೆ ಅಂಗಡಿ ತೆರೆಯಬೇಕಾಗಿದ್ದರಿಂದ ಅವರೇ ಎದ್ದು ಬಂದು, "ನಡೆಯಿರಿ ಹಜ್ರತ್, ತಡವಾಯಿತು" ಎಂದರು.